ಮನೆಯ ಮಗನಿಗೆ ಎಷ್ಟು ಕೊಡಬೇಕು?

ಇಂಗ್ಲಿಷ್ ಎಂ.ಎ. ಓದಿದ ನನ್ನಂಥವರಿಗೆ ಬೇಸ್‌ಬಾಲ್‌ನ ಮೊದಲ ಪರಿಚಯ ಆದದ್ದು ಮೈದಾನದಲ್ಲೂ ಅಲ್ಲ, ಟಿವಿಯಲ್ಲೂ ಅಲ್ಲ. ಹೆಮಿಂಗ್ವೇಯ 'ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ' ಕಾದಂಬರಿಯಲ್ಲಿ. ಕ್ಯೂಬಾದ ಮುದಿ ಬೆಸ್ತ ಸ್ಯಾಂಟಿಯಾಗೊ ನಡುಗಡಲಿನಲ್ಲಿ ಒಬ್ಬಂಟಿಯಾಗಿ ಮೀನಿನೊಡನೆ ಸೆಣಸುವಾಗಲೂ ನ್ಯೂಯಾರ್ಕ್ ಯಾಂಕೀಸ್ ತಂಡದ ಜೋ ಡಿಮ್ಯಾಜಿಯೊನನ್ನು ನೆನೆಯುತ್ತಾನೆ. ಪರೀಕ್ಷೆಗೆ ಓದುವಾಗ ಡಿಮ್ಯಾಜಿಯೊ ನಮಗೆ ಸಹನೆಯ ಒಂದು ಸಂಕೇತವಾಗಿದ್ದನಷ್ಟೆ. ಅವನು 1936ರಿಂದ 1951ರವರೆಗೆ, ಯುದ್ಧಕಾಲದ ಮೂರು ವರ್ಷ ಬಿಟ್ಟು, ಹದಿಮೂರು ಋತುಗಳನ್ನೂ ಒಂದೇ ತಂಡಕ್ಕೆ ಏಕೆ ಆಡಿದ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲಿಲ್ಲ. ನಿಷ್ಠೆಯಿಂದ ಎಂದು ಭಾವಿಸಿದ್ದೆವು. ಬಹಳ ವರ್ಷಗಳ ನಂತರ ತಿಳಿದ ಉತ್ತರ ಬೇರೆ: ಅವನು ಬಯಸಿದ್ದರೂ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ.

ಅಂದಿನ ಬೇಸ್‌ಬಾಲ್‌ನಲ್ಲಿ 'ರಿಸರ್ವ್ ಕ್ಲಾಸ್' ಎಂಬ ಷರತ್ತು ಇತ್ತು. ಕರಾರಿನ ಅವಧಿ ಮುಗಿದರೂ ಆಟಗಾರನ ಮೇಲಿನ ಹಕ್ಕು ಕ್ಲಬ್ಬಿನ ಬಳಿಯೇ ಉಳಿಯುತ್ತಿತ್ತು. ಕೊಟ್ಟ ಸಂಬಳ ಒಪ್ಪಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು. 1938ರಲ್ಲಿ ಡಿಮ್ಯಾಜಿಯೊ 40,000 ಡಾಲರ್ ಕೇಳಿ ಮನೆಯಲ್ಲಿಯೇ ಕುಳಿತ. ಕೊನೆಗೆ ಮಾಲೀಕರು ಹೇಳಿದ 25,000ಕ್ಕೇ ಒಪ್ಪಿ ಮರಳಿದ. ಮರಳಿದಾಗ ಪ್ರೇಕ್ಷಕರು ಅವನನ್ನು ಮೂದಲಿಸಿದರು. ಹೆಚ್ಚು ಕೇಳಿದವನು ದುರಾಸೆಯವನು, ಕಡಿಮೆ ಕೊಟ್ಟವನು ಜಾಣ!

ಅಮೆರಿಕದ ಬೇಸ್‌ಬಾಲ್‌ನಲ್ಲಿ ಪ್ರತಿ ಚಳಿಗಾಲದಲ್ಲೂ ಮರುಕಳಿಸುವ ಒಂದು ವಾದವನ್ನು ಅರಿಯಲು ಈ ಹಿನ್ನೆಲೆ ಬೇಕು. ತಂಡವೊಂದು ಎಳವೆಯಲ್ಲಿ ಆರಿಸಿ, ತಿದ್ದಿ, ಬೆಳೆಸಿದ ಆಟಗಾರ ತಾರೆಯಾಗುತ್ತಾನೆ. ಕರಾರು ಮುಗಿಯುತ್ತದೆ. ಈಗ ಅವನು 'ಫ್ರೀ ಏಜೆಂಟ್', ಯಾವ ತಂಡಕ್ಕಾದರೂ ಸೇರಬಲ್ಲವನು. ಬೆಳೆಸಿದ ತಂಡ ಅವನನ್ನು ಏನಾದರೂ ಮಾಡಿ ಉಳಿಸಿಕೊಳ್ಳಬೇಕೆ? ಅಭಿಮಾನಿಗಳು 'ನಮ್ಮ ಮನೆಯ ಮಗ' ಎನ್ನುತ್ತಾರೆ. ಲೆಕ್ಕ ಬಲ್ಲವರು 'ವಯಸ್ಸು ನೋಡಿ' ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಇಬ್ಬರೂ ಪ್ರಶ್ನೆಯನ್ನು ಆರು ವರ್ಷ ತಡವಾಗಿ ಕೇಳುತ್ತಿದ್ದಾರೆ ಎಂಬುದು ನನ್ನ ವಾದ.

ಆಟಗಾರರಿಗೆ ಸ್ವಾತಂತ್ರ್ಯ ಸುಲಭವಾಗಿ ಬರಲಿಲ್ಲ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ಹನ್ನೆರಡು ಋತು ಆಡಿ, ಎರಡು ವರ್ಲ್ಡ್ ಸೀರೀಸ್ ಗೆಲುವುಗಳಲ್ಲಿ ಪಾಲುದಾರನಾಗಿದ್ದ ಕರ್ಟ್ ಫ್ಲಡ್‌ನನ್ನು 1969ರಲ್ಲಿ ಕ್ಲಬ್ಬು ಅವನ ಒಪ್ಪಿಗೆ ಕೇಳದೆ ಫಿಲಡೆಲ್ಫಿಯಾ ತಂಡಕ್ಕೆ ಸಾಗಹಾಕಿತು. ತಾನು ಕೊಂಡು ಮಾರುವ ಸ್ವತ್ತಲ್ಲ ಎಂಬ ನಿಲುವಿನಿಂದ ಅವನು ಹೋಗಲು ನಿರಾಕರಿಸಿ ನ್ಯಾಯಾಲಯದ ಮೆಟ್ಟಿಲೇರಿದ. 1972ರಲ್ಲಿ ಸುಪ್ರೀಂ ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವನ ಆಟದ ಬದುಕು ಮುಗಿದಿತ್ತು. ಕೇಂದ್ರ ಸರ್ಕಾರದ ನೌಕರನಾದ ನನಗೆ ವರ್ಗಾವಣೆಯ ಆದೇಶವೆಂದರೇನು ಎಂಬುದು ಗೊತ್ತು. ಆದರೆ ಆದೇಶ ಒಗ್ಗದಿದ್ದರೆ ರಾಜೀನಾಮೆ ಕೊಟ್ಟು, ಅದೇ ವಿದ್ಯೆಯಿಂದ ಬೇರೆಡೆ ಅನ್ನ ಸಂಪಾದಿಸುವ ಹಕ್ಕು ನನಗುಂಟು. ಫ್ಲಡ್‌ನಿಗೆ ಅದೂ ಇರಲಿಲ್ಲ. ಅವನು ಬಡಿದ ಬಾಗಿಲು ತೆರೆದದ್ದು 1975ರ ಡಿಸೆಂಬರಿನಲ್ಲಿ, ಮೆಸ್ಸರ್‌ಸ್ಮಿತ್ ಮತ್ತು ಮೆಕ್‌ನಾಲಿ ಎಂಬ ಇಬ್ಬರು ಪಿಚರ್‌ಗಳ ಪರವಾಗಿ ಪಂಚಾಯ್ತಿದಾರ ಪೀಟರ್ ಸೈಟ್ಸ್ ಕೊಟ್ಟ ತೀರ್ಪಿನಿಂದ.

ಈಗಿನ ವ್ಯವಸ್ಥೆ ಹೀಗಿದೆ. ಡ್ರಾಫ್ಟ್ ಎಂಬ ಸರದಿಯ ಆಯ್ಕೆಯಲ್ಲಿ ತಂಡಗಳು ಎಳೆಯ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಆಟಗಾರನಿಗೆ ತಂಡವನ್ನು ಆರಿಸುವ ಅವಕಾಶವಿಲ್ಲ. ಮೇಜರ್ ಲೀಗ್ ತಲುಪಿದ ಮೇಲೆ ಆರು ವರ್ಷಗಳ ಸೇವೆ ಪೂರೈಸುವ ತನಕ ಅವನು ಆ ಕ್ಲಬ್ಬಿಗೇ ಬದ್ಧ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ವೇತನದ ಆಸುಪಾಸಿನ ಸಂಬಳ. ನಂತರದ ಮೂರು ವರ್ಷ ಪಂಚಾಯ್ತಿಯಲ್ಲಿ ಚೌಕಾಸಿ ಮಾಡಬಹುದು. ಬಿಡುಗಡೆ ಸಿಗುವ ವೇಳೆಗೆ ಅನೇಕರಿಗೆ ಇಪ್ಪತ್ತೊಂಬತ್ತೋ ಮೂವತ್ತೋ ಆಗಿರುತ್ತದೆ. ಬ್ಯಾಟ್ಸ್‌ಮನ್‌ನ ದೇಹ ಉತ್ತುಂಗದಲ್ಲಿರುವುದು ಬಹುಮಟ್ಟಿಗೆ ಇಪ್ಪತ್ತರ ದಶಕದ ಕೊನೆಯಲ್ಲಿ. ಅಂದರೆ ಕಸುವಿನ ವರ್ಷಗಳಲ್ಲಿ ಅಗ್ಗ, ಇಳಿಮುಖದ ವರ್ಷಗಳಲ್ಲಿ ದುಬಾರಿ. ಉಳುವ ಎತ್ತಿಗೆ ಒಣಹುಲ್ಲು ಹಾಕಿ, ಮುದಿಯಾದ ಮೇಲೆ ಹಿಂಡಿ ತಿನ್ನಿಸುವ ಲೆಕ್ಕ ಇದು.

ಆಲ್ಬರ್ಟ್ ಪುಹೋಲ್ಸ್‌ನ ಕಥೆಯಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದ ಹುಡುಗ. 1999ರ ಡ್ರಾಫ್ಟ್‌ನಲ್ಲಿ 401 ಮಂದಿಯನ್ನು ಆರಿಸಿದ ನಂತರ ಸೇಂಟ್ ಲೂಯಿಸ್ ಅವನ ಹೆಸರು ಕರೆಯಿತು. 2001ರಲ್ಲಿ, ಅಂದಿನ ಕನಿಷ್ಠ ವೇತನವಾದ 2 ಲಕ್ಷ ಡಾಲರ್‌ಗೆ ಆಡಿ 37 ಹೋಮ್ ರನ್ ಹೊಡೆದು ವರ್ಷದ ಶ್ರೇಷ್ಠ ಹೊಸಬನಾದ. 2004ರಲ್ಲಿ ಕ್ಲಬ್ಬು ಏಳು ವರ್ಷಕ್ಕೆ 10 ಕೋಟಿ ಡಾಲರ್‌ಗಳ ಕರಾರು ಮಾಡಿಕೊಂಡಿತು. 2005, 2008, 2009ರಲ್ಲಿ ಲೀಗಿನ ಶ್ರೇಷ್ಠ ಆಟಗಾರ. 2006 ಮತ್ತು 2011ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡದ ಆಧಾರಸ್ತಂಭ. ಹನ್ನೊಂದು ಋತುಗಳಲ್ಲಿ 445 ಹೋಮ್ ರನ್, .328ರ ಸರಾಸರಿ. ಆ ಊರಿನಲ್ಲಿ ಅವನು ಆಟಗಾರ ಮಾತ್ರನಾಗಿ ಉಳಿದಿರಲಿಲ್ಲ.

2011ರ ಡಿಸೆಂಬರಿನಲ್ಲಿ, ಮೂವತ್ತೆರಡಕ್ಕೆ ಕಾಲಿಡಲಿದ್ದ ಅವನು ಲಾಸ್ ಏಂಜಲೀಸ್ ಏಂಜೆಲ್ಸ್ ತಂಡದೊಂದಿಗೆ ಹತ್ತು ವರ್ಷಕ್ಕೆ 24 ಕೋಟಿ ಡಾಲರ್‌ಗಳ ಕರಾರಿಗೆ ಸಹಿ ಹಾಕಿದ. ಸೇಂಟ್ ಲೂಯಿಸ್ ಸುಮಾರು 21 ಕೋಟಿಯವರೆಗೆ ಬಂದು ನಿಂತಿತ್ತೆಂದು ಅಂದು ವರದಿಯಾಯಿತು. ಊರು ದುಃಖಿಸಿತು, ಸಿಟ್ಟಾಯಿತು. ಕಾಲ ಮಾತ್ರ ಕ್ಲಬ್ಬಿನ ಪರ ನಿಂತಿತು. ಏಂಜೆಲ್ಸ್‌ನಲ್ಲಿ ಪುಹೋಲ್ಸ್‌ನ ಸರಾಸರಿ .256ಕ್ಕೆ ಕುಸಿಯಿತು. ಅವನಿದ್ದ ಅಷ್ಟೂ ಕಾಲದಲ್ಲಿ ಆ ತಂಡ ಅಂತಿಮ ಸುತ್ತಿನ ಪಂದ್ಯಗಳಿಗೆ ಅರ್ಹವಾದದ್ದು ಒಮ್ಮೆ, 2014ರಲ್ಲಿ. ಅಲ್ಲಿಯೂ ಒಂದು ಪಂದ್ಯ ಗೆಲ್ಲಲಿಲ್ಲ. 2021ರ ಮೇ ತಿಂಗಳಿನಲ್ಲಿ, ಕರಾರು ಮುಗಿಯುವ ಮೊದಲೇ, ಅವನನ್ನು ಕೈಬಿಡಲಾಯಿತು. ಇತ್ತ ಸೇಂಟ್ ಲೂಯಿಸ್, ಅವನು ಹೋದದ್ದಕ್ಕೆ ಪರಿಹಾರವಾಗಿ ದೊರೆತ ಡ್ರಾಫ್ಟ್ ಸರದಿಯಲ್ಲಿ ಮೈಕೆಲ್ ವಾಕಾ ಎಂಬ ಪಿಚರ್‌ನನ್ನು ಆರಿಸಿತು. ಮರುವರ್ಷವೇ, 2013ರಲ್ಲಿ, ಆ ಹುಡುಗ ತಂಡವನ್ನು ವರ್ಲ್ಡ್ ಸೀರೀಸ್‌ಗೆ ಒಯ್ದ ಸರಣಿಯ ಶ್ರೇಷ್ಠ ಆಟಗಾರನಾದ. ತಾರೆ ಹೋದರೆ ಪ್ರೇಕ್ಷಕರೂ ಹೋಗುತ್ತಾರೆಂಬ ಭಯವೂ ನಿಜವಾಗಲಿಲ್ಲ: 2012ರಿಂದ 2019ರವರೆಗೆ ಪ್ರತಿ ವರ್ಷವೂ 30 ಲಕ್ಷಕ್ಕಿಂತ ಹೆಚ್ಚು ಜನ ಸೇಂಟ್ ಲೂಯಿಸ್ ಮೈದಾನಕ್ಕೆ ಬಂದರು.

ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕಿಗರು ಗೆದ್ದಂತಾಗುತ್ತದೆ. ಆದರೆ ಎಲ್ಲ ತಾರೆಗಳೂ ಒಂದೇ ವೇಗದಲ್ಲಿ ಮಂಕಾಗುವುದಿಲ್ಲ. ಅಟ್ಲಾಂಟಾ ಬ್ರೇವ್ಸ್ ಬೆಳೆಸಿದ ಫ್ರೆಡಿ ಫ್ರೀಮನ್ 2021ರಲ್ಲಿ ಆ ತಂಡಕ್ಕೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟವರಲ್ಲೊಬ್ಬ. ಮಾತುಕತೆ ಎಳೆದಾಡುತ್ತಿರುವಾಗಲೇ, 2022ರ ಮಾರ್ಚ್‌ನಲ್ಲಿ, ಕ್ಲಬ್ಬು ಅವನ ಜಾಗಕ್ಕೆ ಮ್ಯಾಟ್ ಓಲ್ಸನ್‌ನನ್ನು ತಂದಿತು. ಫ್ರೀಮನ್ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದ, ಆರು ವರ್ಷಕ್ಕೆ 16.2 ಕೋಟಿ ಡಾಲರ್. ಆ ಜೂನ್‌ನಲ್ಲಿ ಅಟ್ಲಾಂಟಾಕ್ಕೆ ಎದುರಾಳಿಯಾಗಿ ಬಂದಾಗ ಪತ್ರಕರ್ತರ ಮುಂದೆ ಅವನು ಅತ್ತುಬಿಟ್ಟ. 2024ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ಡಾಡ್ಜರ್ಸ್‌ಗೆ ವರ್ಲ್ಡ್ ಸೀರೀಸ್ ಗೆಲ್ಲಿಸಿ ಸರಣಿಯ ಶ್ರೇಷ್ಠನಾದ. ಹಾಗಾದರೆ ಅಟ್ಲಾಂಟಾ ಮೂರ್ಖತನ ಮಾಡಿತೇ? ಅದೂ ಇಲ್ಲ. ನಾಲ್ಕೂವರೆ ವರ್ಷ ಕಿರಿಯನಾದ ಓಲ್ಸನ್ 2023ರಲ್ಲಿ 54 ಹೋಮ್ ರನ್ ಹೊಡೆದು ಆ ತಂಡದ ದಾಖಲೆಯನ್ನೇ ಮುರಿದ.

ಮೂರನೆಯದು ಯಾಂಕೀಸ್‌ನ ಆರನ್ ಜಡ್ಜ್. 2022ರ ಋತುವಿಗೆ ಮೊದಲು ಕ್ಲಬ್ಬು ಏಳು ವರ್ಷಕ್ಕೆ 21.35 ಕೋಟಿ ಡಾಲರ್ ಕೊಡಲು ಮುಂದಾಯಿತು. ಅವನು ಒಪ್ಪದೆ ಆಡಿ, 62 ಹೋಮ್ ರನ್ ಹೊಡೆದ. ವರ್ಷದ ಕೊನೆಗೆ ಅದೇ ಕ್ಲಬ್ಬು ಒಂಬತ್ತು ವರ್ಷಕ್ಕೆ 36 ಕೋಟಿ ಕೊಟ್ಟು ಉಳಿಸಿಕೊಂಡು, ತಂಡದ ನಾಯಕನನ್ನಾಗಿಯೂ ಮಾಡಿತು. 2024ರಲ್ಲಿ ಅವನು ಮತ್ತೆ ಲೀಗಿನ ಶ್ರೇಷ್ಠನಾದ. ಕರಾರಿನ ಕೊನೆಯ ವರ್ಷಗಳು ಹೇಗಿರುತ್ತವೆಂಬುದನ್ನು ಮುಂದೆ ನೋಡಬೇಕು. ಉಳಿಸಿಕೊಂಡದ್ದು ತಪ್ಪೆಂದು ಈವರೆಗೆ ಯಾರೂ ಹೇಳಲಾರರು.

ಈ ಮೂರು ಪ್ರಸಂಗಗಳಿಂದ ಒಂದು ಸೂತ್ರ ಹೊರಡುವುದಿಲ್ಲ. ಆದರೂ ಒಂದು ವಿವೇಕ ಹೊರಡುತ್ತದೆ. ಕರಾರೆಂಬುದು ಮುಂದಿನ ಆಟದ ಬೆಲೆ. ಹಿಂದಿನ ಆಟದ ಋಣ ಬೇರೆ ಖಾತೆಯದು. ಎರಡನ್ನೂ ಬೆರೆಸಿ, ನಲವತ್ತೆರಡನೆಯ ವಯಸ್ಸಿನ ತನಕ ಸಂಬಳ ಬರೆದುಕೊಡುವುದು ಕೃತಜ್ಞತೆಯಲ್ಲ. ಅದರ ಹೊರೆಯನ್ನು ಹೊರುವವರು ನಂತರ ಬರುವ ಎಳೆಯ ಆಟಗಾರರು. ಆದ್ದರಿಂದ ಸೇಂಟ್ ಲೂಯಿಸ್ 2011ರಲ್ಲಿ ತನ್ನ ಮಿತಿಯಲ್ಲಿ ನಿಂತದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಋಣವೇ ಇಲ್ಲವೆನ್ನಲಾಗದು. ಅದು ಹುಟ್ಟುವುದು ಮೊದಲ ಆರು ವರ್ಷಗಳಲ್ಲಿ, ತೀರಬೇಕಾದದ್ದೂ ಅಲ್ಲಿಯೇ. ಕ್ಲಬ್ಬುಗಳು ಬೇಗನೆ ದೀರ್ಘ ಕರಾರು ಮಾಡಿಕೊಂಡರೆ ಸಾಕಲ್ಲವೇ ಎನ್ನಬಹುದು. ಆದರೆ 2019ರಲ್ಲಿ ಅಟ್ಲಾಂಟಾ ಇಪ್ಪತ್ತೆರಡರ ಓಝೀ ಆಲ್ಬೀಸ್‌ನನ್ನು ಏಳು ವರ್ಷಕ್ಕೆ 3.5 ಕೋಟಿ ಡಾಲರ್‌ಗೆ ಕಟ್ಟಿಹಾಕಿದಾಗ, ಇದು ತೀರಾ ಅಗ್ಗವೆಂದು ಅನೇಕರು ಟೀಕಿಸಿದರು. ಗಾಯವೊಂದರಿಂದ ಎಲ್ಲವೂ ಮುಗಿಯಬಹುದೆಂಬ ಭಯದಲ್ಲಿರುವ, ಬೇರೆಡೆ ಹೋಗಲಾರದ ಹುಡುಗನೊಡನೆ ಮಾಡುವ ಚೌಕಾಸಿ ಸಮಬಲರ ಚೌಕಾಸಿಯಲ್ಲ. ಬದಲಾಗಬೇಕಾದದ್ದು ನಿಯಮ. 2022ರ ಒಪ್ಪಂದದಲ್ಲಿ ಕನಿಷ್ಠ ವೇತನವನ್ನು 7 ಲಕ್ಷ ಡಾಲರ್‌ಗೆ ಏರಿಸಿ, ಎಳೆಯ ಆಟಗಾರರ ಬಹುಮಾನಕ್ಕೆಂದು ವರ್ಷಕ್ಕೆ 5 ಕೋಟಿಯ ನಿಧಿಯನ್ನು ಇಟ್ಟದ್ದು ಒಳ್ಳೆಯ ಆರಂಭ. ಆ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಮುಂದಿನದರಲ್ಲಿ ಬಿಡುಗಡೆಯ ಆರು ವರ್ಷ ಐದಕ್ಕಾದರೂ ಇಳಿಯಬೇಕು. ಆಗ ಮೂವತ್ತು ದಾಟಿದವನಿಗೆ ಹಳೆಯ ಬಾಕಿಯನ್ನೆಲ್ಲ ಒಂದೇ ಕರಾರಿನಲ್ಲಿ ವಸೂಲು ಮಾಡುವ ಅಗತ್ಯವೂ ಬೀಳದು, ಕ್ಲಬ್ಬಿಗೆ ಕಸಿವಿಸಿಯೂ ಆಗದು.

ಇನ್ನೊಂದು ಮಾತು ನಮ್ಮ ಓದುಗರಿಗೆ. ಬೇಸ್‌ಬಾಲ್ ನಮ್ಮ ಆಟವಲ್ಲ. ಆದರೆ ಬಿಟ್ಟುಹೋದವನ ಮೇಲಿನ ದೂರು ನಮಗೆ ಚಿರಪರಿಚಿತ. 'ಓದಿಸಿ ಬೆಳೆಸಿದ್ದು ನಾವು, ದುಡಿಯುವುದು ಇನ್ನಾರಿಗೋ' ಎಂಬ ಮಾತನ್ನು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ನಮ್ಮಲ್ಲಿ ಕೇಳದವರು ಕಡಿಮೆ. ಕ್ರಿಕೆಟ್‌ನಲ್ಲಿಯೂ ನೋಡಿ. ಬೆಂಗಳೂರು ತಂಡದ ಮೊದಲ ನಾಯಕ ರಾಹುಲ್ ದ್ರಾವಿಡ್‌ರನ್ನು 2011ರ ಹರಾಜಿಗೆ ಮುನ್ನ ಆ ತಂಡ ಉಳಿಸಿಕೊಳ್ಳಲಿಲ್ಲ. ಅವರು ರಾಜಸ್ಥಾನ ತಂಡಕ್ಕೆ ಹೋದರು. ಅದನ್ನು ತಂಡದ ವ್ಯವಹಾರವೆಂದು ಒಪ್ಪಿಕೊಂಡೆವು. ಅವರೇ ಹೆಚ್ಚಿನ ಹಣಕ್ಕಾಗಿ ಬಿಟ್ಟುಹೋಗಿದ್ದರೆ ನಮ್ಮ ಮಾತು ಇಷ್ಟು ಮೃದುವಾಗಿರುತ್ತಿತ್ತೇ? ಯಜಮಾನ ಕೈಬಿಟ್ಟರೆ ವಿವೇಕ, ಆಳು ಕೈಬಿಟ್ಟರೆ ದ್ರೋಹ ಎಂಬ ಎರಡು ತಕ್ಕಡಿಗಳನ್ನು ನಾವು ಇನ್ನೂ ಇಟ್ಟುಕೊಂಡಿದ್ದೇವೆ. ಡಿಮ್ಯಾಜಿಯೊನನ್ನು ಮೂದಲಿಸಿದ ತಕ್ಕಡಿ ಅದೇ.

ಸೇಂಟ್ ಲೂಯಿಸ್‌ನ ಜನ ಆ ತಕ್ಕಡಿಯನ್ನು ಕೆಳಗಿಟ್ಟರು. 2019ರ ಜೂನ್‌ನಲ್ಲಿ ಪುಹೋಲ್ಸ್ ಎದುರಾಳಿಯ ಅಂಗಿ ತೊಟ್ಟು ಮೊದಲ ಬಾರಿ ಅಲ್ಲಿಗೆ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಮ್ಮ ತಂಡದ ವಿರುದ್ಧವೇ ಅವನು ಹೋಮ್ ರನ್ ಹೊಡೆದಾಗಲೂ ತಟ್ಟಿದರು. 2022ರಲ್ಲಿ ಕ್ಲಬ್ಬು ಅವನನ್ನು ಒಂದು ವರ್ಷಕ್ಕೆ 25 ಲಕ್ಷ ಡಾಲರ್ ಕೊಟ್ಟು ಮರಳಿ ಕರೆಯಿತು. ನಲವತ್ತೆರಡರ ಆತ 24 ಹೋಮ್ ರನ್ ಹೊಡೆದು, ಒಟ್ಟು 703ಕ್ಕೆ ಮುಗಿಸಿ ನಿವೃತ್ತನಾದ. ಆ ಒಂದು ವರ್ಷದ ಕರಾರಿನಲ್ಲಿ ಯಾರೂ ಯಾರಿಗೂ ಹಳೆಯ ಬಾಕಿ ತೀರಿಸಬೇಕಾಗಿರಲಿಲ್ಲ. ಹೋದವನು ಹಗೆಯಾಗಿ ಹೋಗಿರಲಿಲ್ಲ, ಉಳಿದವರು ಬಾಗಿಲು ಮುಚ್ಚಿರಲಿಲ್ಲ. ಮನೆಯ ಮಗನನ್ನು ಉಳಿಸಿಕೊಳ್ಳಲೇಬೇಕೆಂದು ನಾನು ಹೇಳಲಾರೆ. ಕಸುವಿದ್ದಾಗ ಅವನ ದುಡಿಮೆಗೆ ತಕ್ಕಷ್ಟು ಕೊಡಬೇಕು, ಹೊರಟಾಗ ಶಪಿಸಬಾರದು ಎಂದಷ್ಟೇ ಹೇಳಬಲ್ಲೆ.