ಜೋಳಿಗೆಗೆ ಹಾಕಿದ ಮರುದಿನ



ಚಿತ್ತರಗಿ-ಇಳಕಲ್ಲ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟರು. ಅವರು ಬೇಡಿದ್ದು ಧನಧಾನ್ಯವನ್ನಲ್ಲ, ಜನರ ದುಶ್ಚಟಗಳನ್ನು. ಪೂಜ್ಯರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಕುಡಿತ ಬಿಡುವ ಪ್ರಮಾಣವನ್ನು ನಮ್ಮ ಮಠಗಳು ಇಂದಿಗೂ ಬೋಧಿಸುತ್ತವೆ. ಈ ಪರಂಪರೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಆಪ್ತಸಮಾಲೋಚಕನಾಗಿ ಕುಡಿತದ ಮನೆಗಳ ಕಷ್ಟ ಕೇಳುವ ನನಗೆ ಒಂದು ಪ್ರಶ್ನೆಯಿದೆ. ಚಟವನ್ನು ಜೋಳಿಗೆಗೆ ಹಾಕಿದ ಮರುದಿನ ಆ ಮನುಷ್ಯನ ದೇಹಕ್ಕೆ ಏನಾಗುತ್ತದೆ?

2020ರ ಲಾಕ್‌ಡೌನ್ ಇದಕ್ಕೆ ಉತ್ತರ ಕೊಟ್ಟಿತು. ಮಾರ್ಚ್ ಕೊನೆಯಲ್ಲಿ ಮುಚ್ಚಿದ್ದ ಮದ್ಯದಂಗಡಿಗಳು ಮತ್ತೆ ತೆರೆದದ್ದು ಮೇ 4ಕ್ಕೆ. ಜೂನ್‌ವರೆಗೂ ನಮ್ಮ ಜಿಲ್ಲೆಯಲ್ಲಿ ಒಂದೂ ಕೋವಿಡ್ ಪ್ರಕರಣ ಇರಲಿಲ್ಲ. ಹಸಿರು ವಲಯವೆಂದು ಹೆಮ್ಮೆಪಟ್ಟೆವು. ಆದರೆ ಆ ನಲವತ್ತು ದಿನ ನನಗೆ ಬಂದ ಫೋನುಗಳು ಬೇರೆಯದನ್ನೇ ಹೇಳುತ್ತಿದ್ದವು. “ನಮ್ ಯಜಮಾನ್ರಿಗೆ ಕೈಕಾಲು ನಡುಗ್ತಾವೆ ಸಾ, ಗೋಡೆ ಮ್ಯಾಲೆ ಹುಳ ಹರಿತಾವೆ ಅಂತಾರೆ. ಗಾಳಿಗೀಳಿ ಸೋಕ್ಬುಟ್ಟದಾ?” ಎಂದು ಗುಂಡ್ಲುಪೇಟೆ ಕಡೆಯ ಒಬ್ಬ ತಾಯಿ ಕೇಳಿದರು.

ಅದು ಗಾಳಿಯಲ್ಲ. ವರ್ಷಗಟ್ಟಲೆ ದಿನವೂ ಕುಡಿದವರ ಮಿದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಒಂದು ದಿನದೊಳಗೆ ನಡುಕ, ಬೆವರು, ನಿದ್ರೆಗೇಡು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಮಣೆಯಾಗಿ, ಇಲ್ಲದ್ದು ಕಾಣಿಸುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಚಿಕಿತ್ಸೆಯೇನೂ ಅಪರೂಪದ್ದಲ್ಲ. ವೈದ್ಯರ ನಿಗಾದಲ್ಲಿ ಕೆಲವು ದಿನಗಳ ಮಾತ್ರೆ, ಬಿ1 ಜೀವಸತ್ವದ ಚುಚ್ಚುಮದ್ದು, ಅಷ್ಟೆ. ಗಡಿಯಾಚೆ ಕೇರಳ ಸರ್ಕಾರ ವೈದ್ಯರ ಚೀಟಿ ತಂದವರಿಗೆ ಮದ್ಯ ಕೊಡಲು ಹೊರಟಾಗ ವೈದ್ಯರೇ ವಿರೋಧಿಸಿದರು. ಇದಕ್ಕೆ ಮದ್ದು ಔಷಧವೇ ಹೊರತು ಮದ್ಯವಲ್ಲ ಎಂದರು. ಏಪ್ರಿಲ್ 2ರಂದು ಅಲ್ಲಿನ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು.

ಅಂಗಡಿ ಮುಚ್ಚಿದ್ದರಿಂದ ಕುಡಿತ ಬಿಟ್ಟವರೂ ಇದ್ದಾರೆ. ಆದರೆ ಬಾಗಿಲು ತೆರೆದ ಮೊದಲ ದಿನವೇ ರಾಜ್ಯದಲ್ಲಿ ಸುಮಾರು 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ಬಲವಂತದ ಬಿಡುಗಡೆ ಬಹಳ ಮಂದಿಗೆ ನಿಲ್ಲಲಿಲ್ಲ.

“ಮನಸ್ಸು ಗಟ್ಟಿಯಿದ್ದರೆ ಸಾಕು, ಔಷಧಿ ಯಾಕೆ?” ಎನ್ನುವ ಹಿರಿಯರಿದ್ದಾರೆ. ಮನಸ್ಸು ಗಟ್ಟಿಯಿರಬೇಕು, ನಿಜ. ಆದರೆ ಫಿಟ್ಸ್ ಮನಸ್ಸಿನ ಮಾತು ಕೇಳುವುದಿಲ್ಲ. ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯನವರೂ ಇದ್ದರು, ವೈದ್ಯ ಸಂಗಣ್ಣನವರೂ ಇದ್ದರು. ಹೆಂಡದ ಕಾಯಕದಿಂದ ಬಂದವರನ್ನು ಶರಣರು ಹೊರಗಿಡಲಿಲ್ಲ, ವೈದ್ಯನ ಕಾಯಕವನ್ನು ಕೀಳೆನ್ನಲಿಲ್ಲ. ಹಾಗಿರುವಾಗ ಕುಡುಕನೆಂದು ಒಬ್ಬನನ್ನು ದೂರವಿಡಲು, ಆಸ್ಪತ್ರೆಗೆ ಹೋದವನ ಭಕ್ತಿ ಕಡಿಮೆಯೆನ್ನಲು ನಾವು ಯಾರು?

ಆದ್ದರಿಂದ ಮಠಗಳಲ್ಲಿ ನನ್ನ ವಿನಂತಿ ಮೂರು. ಮೊದಲನೆಯದು, ಪ್ರಮಾಣಕ್ಕೆ ಮುನ್ನ ಕೇಳಿ: ದಿನವೂ ಕುಡಿಯುತ್ತೀರಾ? ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆಯೇ? ಹಿಂದೆ ಫಿಟ್ಸ್ ಬಂದಿತ್ತೇ? ಯಾವುದಕ್ಕಾದರೂ ಹೌದೆಂದರೆ ಮೊದಲು ವೈದ್ಯರ ಬಳಿ ಕಳಿಸಿ, ಅವರು ಹೇಳುವವರೆಗೆ ಥಟ್ಟನೆ ನಿಲ್ಲಿಸಬೇಡಿ ಎನ್ನಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಟೆಲಿಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ.

ಎರಡನೆಯದು, ಪ್ರಮಾಣ ಮಾಡಿದವರ ಊರಿನವರೇ ಒಬ್ಬರು ಮೂರು ತಿಂಗಳು, ವಾರಕ್ಕೊಮ್ಮೆ ಅವರ ಮನೆಗೆ ಹೋಗಿಬರಲಿ. ಅವರನ್ನಷ್ಟೇ ಅಲ್ಲ, ಹೆಂಡತಿ ಮಕ್ಕಳನ್ನೂ ಮಾತನಾಡಿಸಲಿ. ಹೊಡೆತ ತಿನ್ನುವ ಹೆಣ್ಣುಮಗಳಿಗೆ ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳುವುದು ಬೇಡ. ಇದನ್ನೂ ದಾಸೋಹವೆಂದೇ ತಿಳಿಯೋಣ.

ಮೂರನೆಯದು, ಮತ್ತೆ ಕುಡಿದವರನ್ನು ಸಭೆಯಲ್ಲಿ ಹೆಸರಿಡಿದು ಹಂಗಿಸಬೇಡಿ. ಕುಡಿತ ಮರುಕಳಿಸುವುದು ಈ ಕಾಯಿಲೆಯ ಲಕ್ಷಣ. ಪ್ರಮಾಣ ಮುರಿದೆನೆಂಬ ನಾಚಿಕೆಯಿಂದ ಮಠಕ್ಕೆ ಬರುವುದನ್ನೇ ಬಿಟ್ಟವರನ್ನು ನಾನು ಬಲ್ಲೆ. ಅವರಿಗೆ ಆಮೇಲೆ ಉಳಿಯುವುದು ಅಂಗಡಿಯೊಂದೇ.

ಬರುವ ಆಗಸ್ಟ್ 1ರಂದು ಜೋಳಿಗೆಯ ಪಕ್ಕದಲ್ಲಿ ಒಂದು ಮೇಜು ಹಾಕಿಸಿ, ಊರಿನ ಆರೋಗ್ಯ ಕೇಂದ್ರದ ವೈದ್ಯರನ್ನೋ ನರ್ಸನ್ನೋ ಅಲ್ಲಿ ಕೂರಿಸಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಚಟ ಬಿಡಲು ಬಂದವರು ಜೀವಂತವಾಗಿ ಉಳಿದು ಚಟ ಬಿಡುತ್ತಾರೆ.