ಇಸವಿಯ ಕೆಳಗಣ ಗುರುತು

ಮನೆಯ ಚಿಲ್ಲರೆ ಹಣವು ಹೆಚ್ಚಾಗಿ ಸ್ತ್ರೀಯರ ಕೈಯಲ್ಲೇ ಓಡಾಡುವದು. ಹಾಲಿನವಳಿಗೆ ಕೊಡುವವರೂ, ತರಕಾರಿಯವನಿಂದ ಬಾಕಿಯನ್ನು ಎಣಿಸಿಕೊಳ್ಳುವವರೂ, ಉಳಿದುದನ್ನು ಸಾಸಿವೆಯ ಡಬ್ಬಿಯಲ್ಲಿ ಹಾಕಿಡುವವರೂ ನಾವೇ. ಆದರೂ ನಾಣ್ಯದ ಮೇಲಿರುವ ಬರಹದಲ್ಲಿ ಬೆಲೆಯ ಅಂಕೆಯೊಂದನ್ನುಳಿದು ಮತ್ತೇನನ್ನಾದರೂ ಓದುವವರು ನಮ್ಮಲ್ಲಿ ಎಷ್ಟು ಮಂದಿ? ಚಲಾವಣೆಯ ನಾಣ್ಯಗಳಲ್ಲಿ ವಿರಳವಾದ ಗುರುತುಗಳನ್ನು ಹುಡುಕುವ ಅಭ್ಯಾಸವು ಹೆಣ್ಣುಮಕ್ಕಳಿಗೆ ತಕ್ಕುದಲ್ಲ, ಅದು ದುಡ್ಡಿನಾಶೆಯನ್ನು ಹುಟ್ಟಿಸುವದೆಂದು ಕೆಲವು ಹಿರಿಯರು ಹೇಳುವದುಂಟು. ನನ್ನ ಅಭಿಪ್ರಾಯವು ಇದಕ್ಕೆ ವಿರುದ್ಧವಾದದ್ದು. ಈ ಹುಡುಕಾಟವನ್ನು ಕ್ರಮವಾಗಿ ಕಲಿತವಳನ್ನು ದುಡ್ಡಿನಾಶೆ ತೋರಿಸಿ ಮೋಸಗೊಳಿಸುವದು ಕಷ್ಟ.

ಗುರುತೆಂದರೆ ಏನು? ಒಂದು ರೂಪಾಯಿ ನಾಣ್ಯವನ್ನು ತೆಗೆದುಕೊಂಡು ಇಸವಿಯ ಅಂಕೆಗಳ ಕೆಳಗೆ ನೋಡಿರಿ. ಅಲ್ಲಿ ವಜ್ರಾಕೃತಿಯಿದ್ದರೆ ಅದು ಮುಂಬಯಿಯ ಟಂಕಸಾಲೆಯದು. ನಕ್ಷತ್ರವಿದ್ದರೆ, ಮೊದಲು ನಿಜಾಮರ ಸೊತ್ತಾಗಿದ್ದ ಹೈದರಾಬಾದಿನದು. ದುಂಡು ಚುಕ್ಕೆಯಿದ್ದರೆ, ೧೯೮೮ರಲ್ಲಿ ಕೆಲಸ ಆರಂಭಿಸಿದ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಕಲ್ಕತ್ತೆಯದು. ಗುರುತಿಲ್ಲದಿರುವದೇ ಅದರ ಗುರುತು. ನಮ್ಮ ಮೈಸೂರಿನಲ್ಲಿ ನೋಟುಗಳು ಅಚ್ಚಾಗುವವೇ ಹೊರತು ನಾಣ್ಯ ಹುಟ್ಟುವದಿಲ್ಲ. ಆದರೆ ಟಿಪ್ಪು ಸುಲ್ತಾನನ ಕಾಲದ ನಾಣ್ಯಗಳ ಮೇಲೆ ಪಟ್ಟಣ, ನಗರ ಮುಂತಾದ ಟಂಕಸಾಲೆಗಳ ಹೆಸರುಗಳೇ ಕಾಣುವವು. ಆದದರಿಂದ ಈ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ.

ಇವು ನಾಲ್ಕೇ ಅಲ್ಲ. ದೇಶದಲ್ಲಿ ಚಿಲ್ಲರೆಗೆ ಕೊರತೆಯುಂಟಾದಾಗ ಸರಕಾರದವರು ಪರದೇಶಗಳಲ್ಲಿ ನಾಣ್ಯ ಹೊಡೆಸಿ ತರಿಸಿದ್ದುಂಟು. ೧೯೮೫ರ ಕೆಲವು ರೂಪಾಯಿಗಳ ಮೇಲೆ ಬರ್ಮಿಂಗ್‌ಹ್ಯಾಮಿನ ಎಚ್ ಅಕ್ಷರವಿದೆ; ೧೯೮೮ರ ಕೆಲವು ಇಪ್ಪತ್ತೈದು ಪೈಸೆಗಳ ಮೇಲೆ ಕೆನಡಾ ದೇಶದ ಸಿ ಅಕ್ಷರವಿದೆ. ೨೦೧೧ರ ಜೂನ್ ಕಡೆಯಲ್ಲಿ ಇಪ್ಪತ್ತೈದು ಪೈಸೆಯ ಚಲಾವಣೆಯೇ ನಿಂತುಹೋದ ಕಾರಣ ಅದನ್ನು ಈಗ ಅಜ್ಜಿಯಂದಿರ ಪೆಟ್ಟಿಗೆಗಳಲ್ಲೇ ಹುಡುಕಬೇಕು. ಅದೇ ಪೆಟ್ಟಿಗೆಯಲ್ಲಿ ಆರನೆಯ ಜಾರ್ಜ್ ದೊರೆಯ ನಾಣ್ಯವೇನಾದರೂ ಇದ್ದರೆ ಎಲ್ ಎಂಬ ಅಕ್ಷರವುಂಟೋ ಎಂದು ನೋಡತಕ್ಕದ್ದು. ಯುದ್ಧಕಾಲದ ಅವಸರಕ್ಕಾಗಿ ೧೯೪೩ರಲ್ಲಿ ತೆರೆದ ಲಾಹೋರಿನ ಟಂಕಸಾಲೆಯ ಗುರುತದು. ದೇಶ ವಿಭಾಗವಾದ ಮೇಲೆ ಆ ಊರೂ ಆ ಟಂಕಸಾಲೆಯೂ ಪಾಕಿಸ್ತಾನಕ್ಕೆ ಸೇರಿದವು. ಒಂದೇ ಒಂದು ಅಕ್ಷರದಲ್ಲಿ ಎಷ್ಟು ಚರಿತ್ರೆ ಅಡಗಿದೆ ನೋಡಿರಿ!

ಇನ್ನು ವಿರಳತೆಯ ವಿಷಯ. ಹಳೆಯದೆಲ್ಲಾ ಬೆಲೆಯುಳ್ಳದ್ದೆಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ. ಅದು ನಿಜವಲ್ಲ. ಎಷ್ಟು ನಾಣ್ಯಗಳನ್ನು ಹೊಡೆದರು, ಅವುಗಳಲ್ಲಿ ಎಷ್ಟು ಉಳಿದವು, ಉಳಿದವು ಎಷ್ಟು ಚೆನ್ನಾಗಿವೆ, ಬೇಕೆನ್ನುವವರು ಎಷ್ಟು ಮಂದಿ, ಇವುಗಳ ಮೇಲೆಯೇ ಬೆಲೆ ನಿಲ್ಲುವದು. ಇದಕ್ಕೆ ಅಮೆರಿಕ ದೇಶದ ಪ್ರಸಿದ್ಧ ಉದಾಹರಣೆಯೊಂದುಂಟು. ೧೯೦೯ರಲ್ಲಿ ಅಲ್ಲಿ ಲಿಂಕನನ ಮುಖವುಳ್ಳ ಹೊಸ ಸೆಂಟು ಹೊರಟಿತು. ನಕ್ಷೆ ಬರೆದವನ ಹೆಸರಿನ ಮೂರು ಅಕ್ಷರಗಳನ್ನು ಅದರ ಮೇಲೆ ಕೆತ್ತಿದ್ದರು. ಆಕ್ಷೇಪಣೆ ಬಂದ ಕಾರಣ ಕೆಲವೇ ದಿನಗಳಲ್ಲಿ ಅವನ್ನು ತೆಗೆದುಹಾಕಿದರು. ಆ ಅಕ್ಷರಗಳುಳ್ಳ ನಾಣ್ಯಗಳನ್ನು ಗುರುತಿಲ್ಲದ ಫಿಲಡೆಲ್ಫಿಯಾದಲ್ಲಿ ಸುಮಾರು ೨ ಕೋಟಿ ೮೦ ಲಕ್ಷ ಹೊಡೆದಿದ್ದರು. ಎಸ್ ಗುರುತಿನ ಸಾನ್‌ಫ್ರಾನ್ಸಿಸ್ಕೋದಲ್ಲಿ ೪ ಲಕ್ಷ ೮೪ ಸಾವಿರ ಮಾತ್ರ. ಇಸವಿ ಒಂದೇ, ಮುಖ ಒಂದೇ, ತಾಮ್ರ ಒಂದೇ. ಒಂದು ಎಸ್ ಅಕ್ಷರಕ್ಕಾಗಿ ಅಲ್ಲಿಯ ಹುಡುಗರು ತಲೆಮಾರುಗಳ ಕಾಲ ಚಿಲ್ಲರೆಯನ್ನು ಜಾಲಾಡಿದರು. ಸಾಮಾನ್ಯ ಸೆಂಟಿನ ಮೇಲೆ ಎಸ್ ಅಕ್ಷರವನ್ನು ಅಂಟಿಸಿ ಮಾರುವ ವಂಚಕರೂ ಹುಟ್ಟಿಕೊಂಡರು.

ಹುಡುಕುವವಳಿಗೆ ತಾಳ್ಮೆ ಬೇಕು. ಸವೆದ ನಾಣ್ಯದಲ್ಲಿ ನಕ್ಷತ್ರದ ಮೊನೆಗಳು ಅಳಿದು ಚುಕ್ಕೆಯಂತೆ ತೋರುವವು; ಚುಕ್ಕೆ ಪೂರಾ ಅಳಿದುಹೋದರೆ ಕಲ್ಕತ್ತೆಯದೆಂಬ ಭ್ರಮೆ ಹುಟ್ಟುವದು. ಆದದರಿಂದ ಗುರುತಿಲ್ಲವೆಂದು ಹೇಳುವ ಮೊದಲು ಇಸವಿಯ ಅಂಕೆಗಳು ಎಷ್ಟು ಸವೆದಿವೆಯೆಂಬುದನ್ನು ನೋಡಬೇಕು. ಕಿಟಕಿಯ ಬಳಿ ನಿಂತು, ನಾಣ್ಯವನ್ನು ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡುವದು ಉತ್ತಮ. ಹಿತ್ತಾಳೆಯ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ಉಜ್ಜುವದು ಮಾತ್ರ ಕೂಡದು. ಥಳಥಳಿಸಿದ ನಾಣ್ಯವನ್ನು ಕಂಡು ನೆರೆಯವರು ಮೆಚ್ಚಿಯಾರು, ಸಂಗ್ರಾಹಕರು ಮುಟ್ಟಲಾರರು.

ಹಿರಿಯರ ಆಕ್ಷೇಪಣೆಗೆ ಬರೋಣ. ಅವರ ಭಯವು ನಿರಾಧಾರವಲ್ಲ. ಇಂಥ ಚಿತ್ರವುಳ್ಳ ಐದು ರೂಪಾಯಿಗೆ ಐದು ಲಕ್ಷ ಕೊಡುವೆವೆಂದು ಜಾಹೀರಾತು ಕೊಟ್ಟು, ನೋಂದಣಿಯ ಶುಲ್ಕವೆಂದೂ ತೆರಿಗೆಯೆಂದೂ ಮೊದಲು ಹಣ ಕಳುಹಿಸಿರೆಂದು ಹೇಳಿ, ಬಡವರನ್ನು ಸುಲಿಯುವವರು ಇದ್ದಾರೆ. ರಿಜರ್ವ್ ಬ್ಯಾಂಕಿನ ಹೆಸರನ್ನೂ ಅವರು ಬಿಟ್ಟಿಲ್ಲ. ಹಳೆಯ ನಾಣ್ಯ ನೋಟುಗಳ ವ್ಯಾಪಾರ ತನಗಿಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ತಾನು ಕೇಳುವದಿಲ್ಲವೆಂದು ಆ ಬ್ಯಾಂಕು ೨೦೨೧ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಡಬೇಕಾಯಿತು. ಆದರೆ ಈ ಬಲೆಗೆ ಬೀಳುವವರು ಯಾರು? ನಾಣ್ಯವನ್ನು ಎಂದೂ ನೋಡದವರೇ. ಸಾವಿರ ನಾಣ್ಯಗಳನ್ನು ಒಂದೊಂದಾಗಿ ನೋಡಿದವಳಿಗೆ ಹೈದರಾಬಾದಿನ ನಕ್ಷತ್ರವು ಹಿಡಿಹಿಡಿಯಾಗಿ ಸಿಕ್ಕಿರುತ್ತದೆ. ಅದಕ್ಕೆ ಲಕ್ಷ ಕೊಡುವೆನೆಂದು ಬಂದವನ ಮಾತಿಗೆ ಅವಳು ನಕ್ಕುಬಿಡುವಳು. ಹಿರಿಯರು ಬೇಡವೆಂದು ತಡೆದರೆ ಜಾಹೀರಾತು ಕೊಟ್ಟವನಿಗೇ ಅನುಕೂಲ.

ನೋಡದಿರುವದರಿಂದ ಆಗುವ ಇನ್ನೊಂದು ಕೆಡುಕು ಇದಕ್ಕಿಂತ ಹತ್ತಿರದ್ದು. ಹತ್ತು ರೂಪಾಯಿಯ ನಾಣ್ಯವು ನಮ್ಮ ಸೀಮೆಯ ಎಷ್ಟೋ ಅಂಗಡಿಗಳಲ್ಲಿ ಬಹುಕಾಲ ನಡೆಯದೆ ಹೋಯಿತು. ಕಿರಣದಂಥ ಗೆರೆಗಳು ಹತ್ತಿದ್ದರೆ ಒಳ್ಳೆಯದು, ಹದಿನೈದಿದ್ದರೆ ಖೋಟಾ ಎಂಬ ಗಾಳಿಮಾತೇ ಅದಕ್ಕೆ ಕಾರಣ. ಹದಿನಾಲ್ಕು ಬಗೆಯ ನಕ್ಷೆಗಳೂ ಸಾಚಾ ಎಂದು ರಿಜರ್ವ್ ಬ್ಯಾಂಕಿನವರು ೨೦೧೮ರ ಜನವರಿಯಲ್ಲಿ ಪ್ರಕಟಿಸಿದ ಮೇಲೂ ಹೂ ಮಾರುವ ಹೆಂಗಸು ಅದನ್ನು ತೆಗೆದುಕೊಳ್ಳಲು ಹಿಂಜರಿದಳು. ಯಾಕಂದರೆ ಅವಳಿಂದ ಅದನ್ನು ತೆಗೆದುಕೊಳ್ಳಬೇಕಾದ ಸಗಟು ವ್ಯಾಪಾರಿಯು ಒಲ್ಲೆನೆನ್ನುತ್ತಿದ್ದನು. ದಿನದ ಸಂಪಾದನೆಯಲ್ಲಿ ಹತ್ತು ರೂಪಾಯಿ ಕೈಯಲ್ಲೇ ಸತ್ತುಹೋದರೆ ಆಕೆಗೆ ಅದು ಅಲ್ಪ ನಷ್ಟವಲ್ಲ. ಗುರುತಿದ್ದ ಮಾತ್ರಕ್ಕೆ ನಾಣ್ಯವು ಸಾಚಾ ಎಂದು ನಾನು ಹೇಳುವದಿಲ್ಲ. ಖೋಟಾ ಮಾಡುವವನು ಗುರುತನ್ನೂ ಮಾಡಬಲ್ಲನು. ಆದರೆ ನಕ್ಷೆ ಬೇರೆಯಾಗಿರುವದಕ್ಕೂ ನಾಣ್ಯ ಕೆಟ್ಟದ್ದಾಗಿರುವದಕ್ಕೂ ಇರುವ ಭೇದವು ನೋಡಿ ಪಳಗಿದ ಕಣ್ಣಿಗೆ ತಿಳಿಯುವದು.

ಅಪರೂಪದ್ದು ಸಿಕ್ಕೀತೆಂದು ಚೀಲಗಟ್ಟಲೆ ಚಿಲ್ಲರೆಯನ್ನು ಕಟ್ಟಿಡುವದನ್ನು ನಾನು ಒಪ್ಪುವದಿಲ್ಲ. ಕರಗಿಸುವದಂತೂ ೨೦೧೧ರ ನಾಣ್ಯ ಕಾನೂನಿನ ಮೇರೆಗೆ ಅಪರಾಧ. ಒಂದು ಬರೆಯುವ ಪುಸ್ತಕದಲ್ಲಿ ಬೆಲೆ, ಇಸವಿ, ಗುರುತು ಎಂದು ಮೂರು ಸಾಲು ಎಳೆದು, ಸಿಕ್ಕಿದ್ದನ್ನೆಲ್ಲಾ ಬರೆದಿಟ್ಟು, ಮಾದರಿಗೆ ಒಂದೊಂದನ್ನು ಮಾತ್ರ ಇಟ್ಟುಕೊಂಡು, ಮಿಕ್ಕದ್ದನ್ನು ಮರುದಿನ ಬೆಳಿಗ್ಗೆ ಹೂವಿನವಳಿಗೂ ಹಾಲಿನವಳಿಗೂ ಕೊಟ್ಟುಬಿಡಬೇಕು. ಹತ್ತರ ನಾಣ್ಯವನ್ನು ಅವರು ಬೇಡವೆಂದರೆ, ಎರಡು ಬಗೆಯವನ್ನು ಅಂಗೈಯಲ್ಲಿಟ್ಟು ತೋರಿಸಿ ತಿಳಿಯಹೇಳಲು ಐದು ನಿಮಿಷ ಸಾಕು.