ಬಾಯಿ ಮಾಡಿದವರಿಗೇ ಸೀಟೇ?

ಪತ್ರಿಕೋದ್ಯಮ ಕಲಿಯಲು ಹೊರಟಿದ್ದ ನನ್ನ ಶಿಷ್ಯೆ ಗುಂಪು ಚರ್ಚೆಯಲ್ಲಿ ಸೋತು ಜೊಯಿಡಾಕ್ಕೆ ಮರಳಿದಳು. “ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು ಅಕ್ಕೋರೇ, ನಾನು ಕೇಳುತ್ತ ಕೂತೆ” ಎಂದಳು. ಕೇಳುವುದೇ ಕಸುಬಾದ ವರದಿಗಾರ್ತಿಗೆ ಕೇಳಿದ್ದೇ ತಪ್ಪಾಯಿತೇ? ಪರೀಕ್ಷಕರು ಹಾಗಿರಲಿ, ತಯಾರಿಯೆಂದು ನಾವು ಮಾಡಿಸಿದ್ದಾದರೂ ಏನು? ಇಂಗ್ಲಿಷಿನಲ್ಲಿ ಸ್ವಪರಿಚಯ, ದೇಶಗಳ ರಾಜಧಾನಿ, ಎಲ್ಲವೂ ಬಾಯಿಪಾಠ. ನಾನೂ ಮಾಡಿಸಿದವಳೇ.

1980ರ ದಶಕದಲ್ಲಿ ಕಾಳಿ ನದಿಯ ಅಣೆಕಟ್ಟಿಗೆ ಸೂಪಾ ಪೇಟೆಯೇ ಮುಳುಗಿತು. ಮನೆ ಬಿಟ್ಟು ರಾಮನಗರ ಸೇರಿದವರ ಕತೆಯನ್ನು ಅಜ್ಜಿಯಿಂದ ಕೇಳಿ ಈ ಹುಡುಗಿ ಒಂದು ನೋಟುಬುಕ್ಕು ತುಂಬ ಬರೆದಿದ್ದಾಳೆ. ಸಂದರ್ಶನದಲ್ಲಿ ಅದನ್ನು ಯಾರೂ ಕೇಳಲಿಲ್ಲ. ತಾನಾಗಿ ಹೇಳಬಹುದೆಂದು ನಾವೂ ಕಲಿಸಿರಲಿಲ್ಲ.

ಬರುವ ವರ್ಷ ಮತ್ತೆ ಹೋಗುತ್ತಾಳೆ. ಆ ನೋಟುಬುಕ್ಕನ್ನೇ ಹಿಡಿದುಕೊಂಡು ಹೋಗು ಎಂದಿದ್ದೇನೆ. ಗದ್ದಲವೆದ್ದರೆ, ಹೆಚ್ಚು ಕೂಗಿದವರನ್ನೇ ಹಿಡಿದು “ಇದು ನಿಮಗೆ ಹೇಗೆ ಗೊತ್ತು?” ಎಂದು ಕೇಳು ಎಂದೂ ಹೇಳಿದ್ದೇನೆ.